ಶಿಕಾರಿಯವರು ಗೇಟಿಗೆ ಬಂದಾಗ

ತೋಟದ ಲೆಕ್ಕ, ಮೇಸ್ತ್ರಿ ಜೊತೆಗಿನ ವ್ಯವಹಾರ ಎಲ್ಲ ನೀನೇ ಕಲಿತುಕೊಳ್ಳುತ್ತೀಯ ಮಾರಾಯ. ಒಂದು ವಿಷಯ ಮಾತ್ರ ಈಗಲೇ ಹೇಳಿಬಿಡುತ್ತೇನೆ. ಮಳೆ ಕಳೆದು ಭತ್ತ ತೆನೆ ಕಟ್ಟುವ ಹೊತ್ತಿಗೆ ಗೇಟಿಗೆ ಒಂದು ಜೀಪು ಬಂದೇ ಬರುತ್ತದೆ. ಮೂಡಿಗೆರೆ ಕಡೆಯ ಯಾರದೋ ಹೆಸರು ಹೇಳಿ, "ನಿಮ್ಮಲ್ಲಿ ಹಂದಿ ಕಾಟ ಜಾಸ್ತಿಯಂತೆ, ಒಂದು ರಾತ್ರಿ ಬಿಡಿ ಸಾಕು, ನಿಮಗೂ ಒಂದು ಪಾಲು" ಅನ್ನುತ್ತಾರೆ. ನಯವಾಗಿಯೇ ಕೇಳುತ್ತಾರೆ. ಆಗಲ್ಲ ಅನ್ನು.

ಹಂದಿ ಕಾಟ ಸುಳ್ಳಲ್ಲ, ಬಲ್ಲೆ. ಆದರೆ 1972ರ ವನ್ಯಜೀವಿ ಕಾಯ್ದೆ ನಿನ್ನ ತೋಟ, ಸರ್ಕಾರದ ಕಾಡು ಎಂದು ಭೇದ ಮಾಡುವುದಿಲ್ಲ. ಗುಂಡು ಹೊಡೆಯುವುದಷ್ಟೇ ಅಲ್ಲ, ಉರುಳು ಹಾಕುವುದು, ಕೊಲ್ಲಲೆಂದು ಹಳು ನುಗ್ಗಿ ಓಡಿಸುವುದೂ ಅದರ ಪ್ರಕಾರ ಬೇಟೆಯೇ. ಕುಮ್ಮಕ್ಕು ಕೊಟ್ಟವನಿಗೂ ಶಿಕ್ಷೆ ಉಂಟು: ಹಂದಿಯಾದರೆ ಮೂರು ವರ್ಷದವರೆಗೆ ಜೈಲು, 2022ರ ತಿದ್ದುಪಡಿಯಾದ ಮೇಲೆ ಒಂದು ಲಕ್ಷದವರೆಗೆ ದಂಡ. ಕತ್ತಲಲ್ಲಿ ಹಂದಿಯೆಂದು ಹೊಡೆದದ್ದು ಕಾಯ್ದೆಯ ಮೊದಲನೇ ಪಟ್ಟಿಯ ಪ್ರಾಣಿಯಾಗಿದ್ದರೆ ಕನಿಷ್ಠವೇ ಮೂರು ವರ್ಷ. ಆ 'ಪಾಲು' ನಿನ್ನ ಫ್ರಿಜ್ಜಿನಲ್ಲಿ ಸಿಕ್ಕಿತೋ, ತಪ್ಪಿಲ್ಲವೆಂದು ಸಾಬೀತು ಮಾಡುವ ಹೊಣೆ ನಿನ್ನದೇ.

ಕೇಸಿಗಿಂತ ಹೆಚ್ಚು ನನಗೆ ಲೈನ್ ಮನೆಯ ಕೆಲಸಗಾರರ ಜೀವದ ಭಯ. ರಾತ್ರಿ ಯಾರು ಬಯಲಿಗೆ ಹೋಗುತ್ತಾರೆ, ಯಾರ ದನ ಇನ್ನೂ ಕೊಟ್ಟಿಗೆಗೆ ಬಂದಿಲ್ಲ, ಕಾಲುದಾರಿ ಎಲ್ಲಿ ತಿರುಗುತ್ತದೆ ಎಂಬುದು ಹೊರಗಿನವನಿಗೆ ಹೇಗೆ ಗೊತ್ತಾಗಬೇಕು? ಕಾಫಿ ಗಿಡ ಅಲುಗಿದ ಕಡೆ ಈಡು ಬೀಳುತ್ತದೆ. ಪ್ರಾಣಿಯೆಂದು ಮನುಷ್ಯರಿಗೇ ಗುಂಡು ತಗುಲಿದ್ದು ಮಲೆನಾಡಿಗೆ ಹೊಸತಲ್ಲ. ಸಿಡಿಮದ್ದು ಇಡುವವರಂತೂ ಇನ್ನೂ ಕೆಟ್ಟವರು. ಹಂದಿ ಬಿಟ್ಟದ್ದನ್ನು ಮರುದಿನ ದನ ಕಚ್ಚಿ ದವಡೆ ಕಳೆದುಕೊಳ್ಳುತ್ತದೆ. ಬಂದವರು ಜೀಪು ಹತ್ತಿ ಹೋಗಿರುತ್ತಾರೆ. ಪೊಲೀಸರು ಹುಡುಕಿಕೊಂಡು ಬರುವುದು ಪಹಣಿಯಲ್ಲಿರುವ ಹೆಸರನ್ನು.

ನಮ್ಮ ವಯಸ್ಸಿನವರು ಶಿಕಾರಿ ಕಥೆ ಹೇಳಿ ನಿನ್ನನ್ನು ಹುರಿದುಂಬಿಸಬಹುದು, ಅವರಲ್ಲಿ ನಾನೂ ಒಬ್ಬ. ಕಥೆ ಕೇಳು, ಗೇಟು ತೆಗೆಯಬೇಡ. ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ ಕೋವಿಯನ್ನೂ, ನೆಂಟನೇ ಕೇಳಲಿ, ಕೊಡಬೇಡ. ಮುಖ ಮುರಿಯುವಂತೆ ಮಾತಾಡುವುದು ಬೇಡ. "ದೊಡ್ಡಪ್ಪ ಒಪ್ಪಲ್ಲ" ಅಂದುಬಿಡು, ನಿಷ್ಠುರ ನನಗಿರಲಿ. ಅವರು ಹೋದ ಮೇಲೆ ಗಾಡಿ ನಂಬರ್ ಬರೆದಿಟ್ಟುಕೋ.

ಬೆಳೆ ಹಾಳಾದರೆ ಫೋಟೊ ತೆಗೆದು ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡು. ದುಡ್ಡು ಕಡಿಮೆ, ಓಡಾಟ ಜಾಸ್ತಿ, ಆದರೂ ಕೊಡು. ಸೋಲಾರ್ ಬೇಲಿ ಹಾಕಿಸು, ಪಂಪ್‌ಸೆಟ್ಟಿನ ಕರೆಂಟನ್ನು ಮಾತ್ರ ಬೇಲಿಗೆ ಎಳೆಯಬೇಡ. ಈ ವಾರವೇ ಒಮ್ಮೆ ಗಡಿ ಸುತ್ತಿ ಬಾ. ಎಲ್ಲಾದರೂ ಉರುಳು ಕಂಡರೆ ಫಾರೆಸ್ಟಿನವರಿಗೆ ಅವತ್ತೇ ತಿಳಿಸು.