ಸೊಲ್ಲಾಪುರದ ಡಾಕ್ಟರ್ ಕೋಟ್ನೀಸ್



ಮಂದ್ರೂಪದ ನಮಗೆ ಸೊಲ್ಲಾಪುರ ಅಂದ್ರ ಪ್ಯಾಟಿ, ದೊಡ್ಡ ದವಾಖಾನಿ. ಅದೇ ಸೊಲ್ಲಾಪುರದಲ್ಲಿ ಹುಟ್ಟಿ, ಪರದೇಶದ ಯುದ್ಧದಲ್ಲಿ ಗಾಯಾಳುಗಳ ಸೇವೆ ಮಾಡುತ್ತಲೇ ಪ್ರಾಣಬಿಟ್ಟ ಡಾಕ್ಟರರ ಸಂಗತಿ ಓದೋಣ ಬರ್ರಿ.

ದ್ವಾರಕಾನಾಥ ಕೋಟ್ನೀಸರು ಹುಟ್ಟಿದ್ದು 1910ರ ಅಕ್ಟೋಬರ್ 10ರಂದು. ಮುಂಬಯಿಯಲ್ಲಿ ಡಾಕ್ಟರಿಕೆ ಕಲಿತರು. 1937ರಲ್ಲಿ ಜಪಾನ್ ದೇಶವು ಚೀನಾದ ಮೇಲೆ ದಂಡೆತ್ತಿ ಹೋಯಿತು. ಗಾಯಗೊಂಡ ಮಂದಿಗೆ ಡಾಕ್ಟರರೇ ಸಾಲದಾದರು. ಚೀನಾ ಸಹಾಯ ಕೇಳಿತು. 1938ರಲ್ಲಿ ಕಾಂಗ್ರೆಸ್ ಐವರು ಡಾಕ್ಟರರನ್ನು ಹಡಗಿನಲ್ಲಿ ಕಳಿಸಿತು. ಅವರಲ್ಲಿ ಕೋಟ್ನೀಸರೂ ಒಬ್ಬರು. ಆಗ ನಮ್ಮ ದೇಶಕ್ಕೇ ಸ್ವಾತಂತ್ರ್ಯ ಇರಲಿಲ್ಲ, ನೋಡ್ರಿ!

ಅಲ್ಲಿದ್ದಾಗಲೇ ತಂದೆ ತೀರಿಕೊಂಡ ಸುದ್ದಿ ಬಂತು. ದುಃಖ ನುಂಗಿ ಅವರು ಕೆಲಸದಲ್ಲೇ ಉಳಿದರು. ಎಂಟನೆಯ ಮಾರ್ಗ ಸೇನೆಯನ್ನು ಸೇರಿ, ಗುಡ್ಡಗಾಡಿನಲ್ಲಿ ಹಗಲು ರಾತ್ರಿ ಶಸ್ತ್ರಚಿಕಿತ್ಸೆ ಮಾಡಿದರು.

ರೋಗಿಯ ಮಾತು ತಿಳಿಯದಿದ್ದರೆ ನೋವು ತಿಳಿಯುವುದು ಹ್ಯಾಂಗ? ಕೋಟ್ನೀಸರು ಚೀನೀ ಭಾಷೆ ಕಲಿತರು. ಆ ಬರಹದಲ್ಲಿ ನಮ್ಮಂತೆ ಅಕ್ಷರಮಾಲೆ ಇಲ್ಲ. ಸಾವಿರಾರು ಗುರುತು ಕಲೀಬೇಕು. ಅವರು ಅಆಇಈ ವಯಸ್ಸಿನಲ್ಲಿ ಅಲ್ಲ, ಮೂವತ್ತರ ಹತ್ತಿರ ಕಲಿತರು. ಆ ಭಾಷೆಯಲ್ಲೇ ಹುಡುಗರಿಗೆ ವೈದ್ಯ ಪಾಠ ಹೇಳಿದರು.

1941ರಲ್ಲಿ ಬೆಥೂನ್ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಯ ಮುಖ್ಯಸ್ಥರಾದರು. ಅದೇ ವರ್ಷ ಗುವೋ ಚಿಂಗ್‌ಲಾನ್ ಎಂಬ ದಾದಿಯನ್ನು ಮದುವೆಯಾದರು. 1942ರಲ್ಲಿ ಗಂಡುಮಗು ಹುಟ್ಟಿತು. 'ಇನ್‌ಹುವಾ' ಎಂದು ಹೆಸರಿಟ್ಟರು. 'ಇನ್' ಅಂದ್ರ ಭಾರತ, 'ಹುವಾ' ಅಂದ್ರ ಚೀನಾ.

ಕೋಟ್ನೀಸರಿಗೆ ಮೂರ್ಛೆರೋಗ ಬರುತ್ತಿತ್ತು. ಆದರೂ ಕೆಲಸ ಬಿಡಲಿಲ್ಲ. 1942ರ ಡಿಸೆಂಬರ್ 9ರಂದು ಅದರಿಂದಲೇ ತೀರಿಕೊಂಡರು. ವಯಸ್ಸು ಬರೀ 32. ಮಗುವಿಗೆ ಆಗ ನಾಲ್ಕು ತಿಂಗಳೂ ತುಂಬಿರಲಿಲ್ಲ. ಐವರಲ್ಲಿ ತಿರುಗಿ ಬಾರದವರು ಅವರೊಬ್ಬರೇ. ಚೀನಾದ ಶಿಜಿಯಾಜುವಾಂಗ್ ನಗರದಲ್ಲಿ ಅವರ ಸಮಾಧಿ ಇದೆ. ಸೊಲ್ಲಾಪುರದಲ್ಲೂ ಸ್ಮಾರಕ ಇದೆ. ಮುಂದಿನ ಸಲ ಹೋದಾಗ ಅಲ್ಲಿನ ಹೆಸರನ್ನು ನೀವೇ ಓದ್ರಿ.

ಒಂದು ಮಾತು: ಮೂರ್ಛೆರೋಗ ದೆವ್ವದ ಕಾಟವಲ್ಲ, ಮಿದುಳಿನ ಬ್ಯಾನಿ. ಈಗ ಔಷಧ ಅದಾವ. ಯಾರಾದರೂ ಮೂರ್ಛೆ ಬಂದು ಬಿದ್ದರೆ ಒಂದು ಮಗ್ಗುಲಿಗೆ ಮಲಗಿಸಿರಿ. ಬಾಯಲ್ಲಿ ಏನೂ ಹಾಕಬ್ಯಾಡ್ರಿ. ಐದು ನಿಮಿಷದಲ್ಲಿ ನಿಲ್ಲದಿದ್ದರೆ ತಡಮಾಡದೆ ದವಾಖಾನಿಗೆ ಒಯ್ಯಿರಿ.

ಹೊಸ ಪದಗಳು
ಶಸ್ತ್ರಚಿಕಿತ್ಸೆ – ಆಪರೇಶನ್
ದಾದಿ – ನರ್ಸ್
ಸ್ಮಾರಕ – ನೆನಪಿಗಾಗಿ ಕಟ್ಟಿದ್ದು

ಉತ್ತರ ಬರೆಯಿರಿ
1. ಕೋಟ್ನೀಸರು ಚೀನೀ ಭಾಷೆ ಯಾಕೆ ಕಲಿತರು?
2. ಮಗನ ಹೆಸರಿನ ಅರ್ಥವೇನು?
3. 1910ರಲ್ಲಿ ಹುಟ್ಟಿ 1942ರಲ್ಲಿ ತೀರಿಕೊಂಡರೆ ಎಷ್ಟು ವರ್ಷ? ಕಳೆದು ನೋಡಿರಿ.
4. ನಿಮ್ಮ ಊರಲ್ಲಿ ರೋಗಿಗಳ ಸೇವೆ ಮಾಡುವವರ ಬಗ್ಗೆ ಎರಡು ಸಾಲು ಬರೆಯಿರಿ.