ಅರ್ಧ ಗಂಟೆಯ ಕೂಲಿ

ಆಯುಧಪೂಜೆಯ ದಿನ ಮನೆಯಂಗಳದಲ್ಲಿ ಪಂಪು, ಪೈಪು, ಸ್ಪ್ರೇ ಗನ್ನು, ಬ್ಯಾಟರಿ, ಏಣಿ, ಗೂಡ್ಸ್ ಆಟೊ ಎಲ್ಲವನ್ನೂ ಸಾಲಾಗಿಟ್ಟು ವಿಭೂತಿ ಬಳಿದು ಕುಂಕುಮ ಹಚ್ಚಿದೆವು, ಸೇವಂತಿಗೆ ಹಾರ ಹಾಕಿದೆವು. ಬೂದುಗುಂಬಳವನ್ನೂ ಒಡೆದದ್ದಾಯಿತು. ಪಂಪನ್ನಂತೂ ಹೆಂಡತಿಯ ಹಳೇ ಕಾಟನ್ ಸೀರೆಯ ತುಂಡಿನಲ್ಲಿ ಮಿಂಚುವ ಹಾಗೆ ಒರೆಸಿದ್ದೆ. ಅದಾದ ಮೂರನೆಯ ದಿನ ಐವರಕಂಡಪುರದ ಕಡೆ ಒಂದು ತೋಟದ ಮನೆಯ ಹೆಂಚು ತೊಳೆಯಲು ಹೋಗಿ ಸ್ವಿಚ್ ಒತ್ತಿದರೆ ಪಂಪು ಗುಂಯ್ ಅಂದಿತೇ ಹೊರತು ಒಂದು ತೊಟ್ಟು ಎತ್ತಲಿಲ್ಲ. ನಾಲ್ಕು ಸ್ಕ್ರೂ ಬಿಚ್ಚಿ ನೋಡಿದೆ. ಒಳಗೆ ಉಪ್ಪಿನ ಹರಳು ಕಟ್ಟಿ ವಾಲ್ವುಗಳು ಕೂತಲ್ಲೇ ಕಚ್ಚಿಕೊಂಡಿದ್ದವು, ಡಯಾಫ್ರಮ್ ಅಂಚಿನಲ್ಲಿ ಸೀಳಿತ್ತು. ಹದಿನೈದು ದಿನದ ಹಿಂದೆ, ಮಳೆ ಹಿಡಿಯುವ ಮುಂಚೆ ಮಾಡಿದ ಕೊನೆಯ ಕೆಲಸದ, ಪಾಚಿ ಸಾಯಿಸುವ ಹೈಪೋ ದ್ರಾವಣ ಅದರ ಹೊಟ್ಟೆಯಲ್ಲೇ ಉಳಿದು ಒಣಗಿತ್ತು. ನಾನು ಪೂಜೆ ಮಾಡಿದ್ದು ಹೊರಗಿನ ಡಬ್ಬಕ್ಕೆ.

ನಾಚಿಕೆಯ ಮಾತೆಂದರೆ, ಪೀಣ್ಯದ ಕಾರ್ಖಾನೆಯೊಂದರಲ್ಲಿ ನಾನು 22 ವರ್ಷ ಫಿಟ್ಟರ್ ಆಗಿದ್ದವನು. ಅಲ್ಲಿ ಶಿಫ್ಟ್ ಮುಗಿಯಲು ಕಾಲು ಗಂಟೆ ಇರುವಾಗ ಕೆಲಸ ನಿಲ್ಲಿಸಿ ಮೆಷಿನ್ ಒರೆಸಿ, ಚೂರು ಗುಡಿಸಿ, ಎಣ್ಣೆ ಬಿಡುವುದು ವಾಡಿಕೆ. ಅದು ಕಂಪನಿಯ ಸಮಯ, ಕಂಪನಿಯದೇ ಸಂಬಳ. ಸ್ವಂತ ಉದ್ಯೋಗ ಅಂತ ಶುರು ಮಾಡಿದ ಮೇಲೆ ಆ ಕಾಲು ಗಂಟೆಗೆ ಸಂಬಳ ಕೊಡುವವರು ಯಾರೂ ಇರಲಿಲ್ಲ. ಹಾಗಾಗಿ ಅದು ಯಾರ ಗಮನಕ್ಕೂ ಬಾರದೆ ದಿನಚರಿಯಿಂದ ಉದುರಿಹೋಯಿತು.

ನಮ್ಮ ಕೆಲಸ ಏನೆಂದು ಸ್ವಲ್ಪ ಹೇಳಬೇಕು. ಹೆಸರಘಟ್ಟದ ಸುತ್ತ ಈಗ ತೋಟದ ಮನೆಗಳು ಹೆಚ್ಚು. ಅದರಲ್ಲಿ ಅರ್ಧಕ್ಕರ್ಧ ಜನಕ್ಕೆ ಮಂಗಳೂರು ಹೆಂಚೇ ಬೇಕು, ಅದೂ ಹಳೆಯದು, ಕಾರ್ಖಾನೆಯ ಮುದ್ರೆ ಕಾಣುವಂಥದು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಸುಡಲು ಶುರು ಮಾಡಿದ ಹೆಂಚಿನ ವಂಶದ್ದು ಇವು. ಹೆಂಚು ನೀರು ಹೀರುತ್ತದೆ, ಎರಡು ಮಳೆಗಾಲಕ್ಕೆ ಪಾಚಿ ಹಿಡಿದು ಕಪ್ಪಾಗುತ್ತದೆ. ಕಾರು ತೊಳೆಯುವ ಜೆಟ್ ಪಂಪು ಹೊಡೆದರೆ ಪಾಚಿಯ ಜೊತೆ ಹೆಂಚಿನ ಮೈಯೂ ಕಿತ್ತು ಬರುತ್ತದೆ, ಹಳೆಯದಾದರೆ ಒಡೆಯುತ್ತದೆ. ಸಾಫ್ಟ್‌ವಾಶ್ ಅನ್ನುವುದು ಇದರ ತದ್ವಿರುದ್ಧ. ಗಿಡಕ್ಕೆ ಔಷಧಿ ಹೊಡೆದಷ್ಟೇ ಮೆಲ್ಲಗೆ, ನೀರಲ್ಲಿ ಬೆರೆಸಿದ ಹೈಪೋವನ್ನು, ಅಂದರೆ ಸೋಡಿಯಂ ಹೈಪೋಕ್ಲೋರೈಟನ್ನು, ಸಿಂಪಡಿಸಿ ಪಾಚಿ ಸಾಯಲು ಬಿಟ್ಟು ಆಮೇಲೆ ನೀರು ಹರಿಸುವುದು. 2020ರ ಕೊರೊನಾ ಕಾಲದಲ್ಲಿ ಬೀದಿಬೀದಿಗೆ ಹೊಡೆದರಲ್ಲ, ಅದೇ ದ್ರಾವಣ. ನನ್ನ ಮೊದಲ ಪಂಪು ಕೂಡ ಆ ಕಾಲದಲ್ಲಿ ಯಾರೋ ಕೊಂಡು, ಆಮೇಲೆ ಮೂಲೆಗೆ ಹಾಕಿದ್ದ ಸೆಕೆಂಡ್‌ಹ್ಯಾಂಡ್ ಮಾಲು.

ಒಂದು ಮನೆಗೆ 3,500 ರೂಪಾಯಿ ಹಿಡಿಯುತ್ತಿದ್ದೆ. ಜೊತೆಗೆ ಕೆಲಸಕ್ಕೆ ಬರುವ ಹುಡುಗನ ಕೂಲಿ 800, ಹೈಪೋ 600, ಡೀಸೆಲ್ 300 ಕಳೆದರೆ ಕೈಲಿ 1,800. ಮೊದಲ ವರ್ಷ 61 ಮನೆ ಮಾಡಿದೆ. ಲಕ್ಷದ ಒಂಬತ್ತು ಸಾವಿರ ಲಾಭ ಎಂದು ಹೆಂಡತಿಯ ಮುಂದೆ ಕೊಚ್ಚಿಕೊಂಡೆ. ಅವಳು ಮಾತಾಡಲಿಲ್ಲ. ದಿನಸಿ ಲೆಕ್ಕ ಬರೆಯುವ ಪುಸ್ತಕದ ಹಿಂದಿನ ಪುಟಗಳನ್ನು ತಿರುಗಿಸಿ ನನ್ನ ಕೈಗಿಟ್ಟಳು. ಅವಳ ಹತ್ತಿರ ನಾನು ಆಗಾಗ ಕೇಳಿ ಇಸಿದುಕೊಂಡ ದುಡ್ಡೆಲ್ಲ ಅಲ್ಲಿತ್ತು. ಪಂಪು ಮೂರು ಸಲ, ಒಂದಕ್ಕೆ 2,600ರಂತೆ 7,800. ಪೈಪು 3,400. ಗನ್ನು, ನಾಝಲ್ 1,900. ಬ್ಯಾಟರಿ 3,600. ಒಟ್ಟು 16,700. ಭಾಗಿಸಿದರೆ ಮನೆಗೆ 274 ರೂಪಾಯಿ. ನಾನು ಲಾಭ ಅಂದುಕೊಂಡ ಪ್ರತಿ 1,800ರಲ್ಲಿ 274 ನನ್ನದಲ್ಲ, ಪಂಪಿನದು. ಇನ್ನು ಮೆಷಿನ್ ಕೈಕೊಟ್ಟು ಮನೆಯವರ ಮುಂದೆ ತಲೆ ತಗ್ಗಿಸಿ ವಾಪಸು ಬಂದ ನಾಲ್ಕು ದಿನದ 7,200 ಯಾವ ಪುಸ್ತಕದಲ್ಲೂ ಇರಲಿಲ್ಲ.

ಇದಕ್ಕೆ ಲೆಕ್ಕಪತ್ರದವರು ಸವಕಳಿ ಎನ್ನುತ್ತಾರೆ. ಒಳ್ಳೆಯ ಪದ, ಚಪ್ಪಲಿ ಹಿಮ್ಮಡಿ ನೆನಪಾಗುತ್ತದೆ. ಆದರೆ ನಮ್ಮಂಥ ಸಣ್ಣವರಿಗೆ ಅದನ್ನು ನೆನಪಿಸುವವರೇ ಇಲ್ಲ. ಆದಾಯ ತೆರಿಗೆಯಲ್ಲಿ ನಾವು 44ಎಡಿ ಎಂದು ಬಾಯಿಪಾಠ ಮಾಡಿಕೊಂಡಿರುವ ಅಂದಾಜು ಆದಾಯದ ಪದ್ಧತಿಯಲ್ಲಿ, ವಹಿವಾಟಿನ ಶೇ. 8ರಷ್ಟನ್ನು, ಬ್ಯಾಂಕ್ ಅಥವಾ ಯುಪಿಐ ಮೂಲಕ ಬಂದ ಹಣವಾದರೆ ಶೇ. 6ರಷ್ಟನ್ನು, ಕನಿಷ್ಠ ಆದಾಯವೆಂದು ತೋರಿಸಿದರೆ ಲೆಕ್ಕದ ಪುಸ್ತಕ ಇಡುವ ತಾಪತ್ರಯವಿಲ್ಲ. ಸವಕಳಿಯೂ ಅದರೊಳಗೇ ಕಳೆದುಹೋಯಿತು ಎಂದು ಲೆಕ್ಕ. ಸಣ್ಣವರಿಗೆ ಇದು ನಿಜಕ್ಕೂ ಉಪಕಾರ. ಆದರೆ ಸರ್ಕಾರ ಕೇಳದ ಲೆಕ್ಕವನ್ನು ನಾವೂ ಕೇಳಿಕೊಳ್ಳುವುದಿಲ್ಲ. ತೆರಿಗೆಗೆ ಬೇಡವಾದ ಪುಸ್ತಕ ಪಂಪಿಗೆ ಬೇಕು.

ಸತ್ತ ಪಂಪನ್ನು ಮುಖ್ಯರಸ್ತೆಯ ರಿಪೇರಿ ಅಂಗಡಿಗೆ ತೆಗೆದುಕೊಂಡು ಹೋದೆ. 1967ರಲ್ಲಿ ಶುರುವಾದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇರುವ ಊರು ನಮ್ಮ ಹೆಸರಘಟ್ಟ. ಸುತ್ತ ನರ್ಸರಿ, ಹೂವು, ದ್ರಾಕ್ಷಿಯವರು ಇದ್ದಾರೆ, ಸ್ಪ್ರೇಯರ್ ರಿಪೇರಿಗೆ ಕೊರತೆಯಿಲ್ಲ. ಅಂಗಡಿಯಾತ ಪಂಪು ಮೂಸಿ ನೋಡಿ ಮುಖ ಸಿಂಡರಿಸಿದ.

“ಏನ್ ಕುಡಿಸಿದೀರ ಅಣ್ಣ ಇದಕ್ಕೆ?”

“ಹೈಪೋ.”

“ಇದು ಬೇವಿನೆಣ್ಣೆ ಕುಡಿಯೋ ಪಂಪು. ಹೈಪೋ ಕುಡಿಸಿದ್ರೆ ಕುಡಿಯತ್ತೆ, ಆದ್ರೆ ಬಾಯಿ ಮುಕ್ಕಳಿಸಬೇಕು. ನೀವು ಕುಡಿಸಿ ಮಲಗಿಸಿದೀರ.”

ಆತ ಅಂದು ಹೇಳಿದ್ದಕ್ಕೆ ನಾನು ಫೀಸು ಕೊಡಬೇಕಿತ್ತು. ಹೈಪೋ ಒಣಗಿದರೆ ಉಪ್ಪಾಗುತ್ತದೆ, ಹರಳು ರಬ್ಬರನ್ನು ಕೊಯ್ಯುತ್ತದೆ. ಸಾಧಾರಣ ರಬ್ಬರ್ ಸೀಲು ಗಡುಸಾಗಿ ಬಿರಿಯುತ್ತದೆ, ವೈಟಾನ್ ಸೀಲು ಹಾಕಿದರೆ ತಡೆಯುತ್ತದೆ, ಬೆಲೆ ಹೆಚ್ಚು. ಹಿತ್ತಾಳೆಯ ಗನ್ನು, ಹಿತ್ತಾಳೆಯ ನಾಝಲ್ ಹಸಿರುಗಟ್ಟಿ ತಿಂದುಹೋಗುತ್ತವೆ, ಪ್ಲಾಸ್ಟಿಕ್ಕಿನದೇ ವಾಸಿ. ಸ್ಟೀಲು ಅಂತ ನಂಬಿದ ಸ್ಪ್ರಿಂಗಿಗೂ ಚುಕ್ಕೆಚುಕ್ಕೆ ತೂತು ಬೀಳುತ್ತದೆ. ನನ್ನ ಹಿತ್ತಾಳೆ ಗನ್ನು ‘ಗಟ್ಟಿ ಮಾಲು’ ಎಂದು ದುಪ್ಪಟ್ಟು ಕೊಟ್ಟು ತಂದದ್ದು.

ಈಗ ಕೊನೆಯ ಹೆಂಚಿಗೆ ನೀರು ಬಿಟ್ಟ ಮೇಲೆ ಏಣಿ ಇಳಿಸುವ ಮುಂಚೆಯೇ ಹೀರುವ ಪೈಪನ್ನು ಹೈಪೋ ಡ್ರಮ್ಮಿನಿಂದ ತೆಗೆದು ನೀರಿನ ಬಕೆಟ್ಟಿಗೆ ಹಾಕುತ್ತೇವೆ. ಇಪ್ಪತ್ತು ಲೀಟರ್ ಪಂಪಿನ ಮೂಲಕ, ಪೈಪಿನ ಮೂಲಕ, ಗನ್ನಿನ ಮೂಲಕ ಹೋಗಬೇಕು. ಘಾಟು ಪೂರ್ತಿ ಹೋಗುವ ತನಕ. ನಾಝಲ್ ಬಿಚ್ಚಿ ಬೇರೆ ತೊಳೆಯಬೇಕು, ಜಾಲರಿ ಬಿಚ್ಚಿ ಕೊಡವಬೇಕು. ಆಮೇಲೆ ಬರಿ ಗಾಳಿ ಎಳೆಯುವಂತೆ ಒಂದು ನಿಮಿಷ ಓಡಿಸಿ ನೀರನ್ನೂ ಹೊರಗೆ ಹಾಕಬೇಕು. ಪೈಪನ್ನು ಮಡಿಚದೆ ದೊಡ್ಡ ಸುರುಳಿ ಸುತ್ತಿ ನೆರಳಿಗೆ. ಬ್ಯಾಟರಿಯನ್ನು ಅವತ್ತೇ ರಾತ್ರಿ ಚಾರ್ಜಿಗೆ, ಏಕೆಂದರೆ ಖಾಲಿಯಾಗಿ ಬಿದ್ದಿರುವ ಲೆಡ್ ಬ್ಯಾಟರಿ ಒಳಗೇ ಹರಳುಗಟ್ಟಿ ಸಾಯುತ್ತದೆ. ನನ್ನ 3,600 ಹೋದದ್ದು ಹಾಗೆ. ಎಲ್ಲ ಸೇರಿ ಅರ್ಧ ಗಂಟೆ.

ಒಂದು ಎಚ್ಚರಿಕೆ ಇಲ್ಲೇ. ನಾಝಲ್ಲಿನ ಬಿಳಿ ಕರೆ ತೆಗೆಯಲು ವಿನಿಗರ್ ಅಥವಾ ಬಾತ್‌ರೂಮಿನ ಆಸಿಡ್ ಹಾಕುವವರಿದ್ದಾರೆ. ಹೈಪೋ ಪೂರ್ತಿ ತೊಳೆದುಹೋಗದೆ ಅದನ್ನು ಹಾಕಿದರೆ ಕ್ಲೋರಿನ್ ಅನಿಲ ಏಳುತ್ತದೆ, ಎದೆ ಹಿಡಿಯುತ್ತದೆ. ಆಸ್ಪತ್ರೆಯ ಬಿಲ್ಲಿನ ಮುಂದೆ ಪಂಪಿನ ಬೆಲೆ ಯಾವ ಲೆಕ್ಕ?

ತಮಾಷೆ ಏನೆಂದರೆ ತೊಳೆಯುವುದು ಕಲಿತ ಮೇಲೂ ನಾಝಲ್ ಕಟ್ಟಿಕೊಳ್ಳುತ್ತಿತ್ತು. ಕಾರಣ ನಮ್ಮ ಬೋರ್ ನೀರು. ಗಡಸು ನೀರು. ಹೈಪೋ ಕ್ಷಾರ. ಎರಡೂ ಸೇರಿದರೆ ನೀರಿನಲ್ಲಿ ಕರಗಿರುವ ಸುಣ್ಣ ಬೇರ್ಪಟ್ಟು ಬೆಳ್ಳಗೆ ಕೂರುತ್ತದೆ. ಸ್ನಾನದ ಮನೆಯ ಗೀಸರಿನಲ್ಲಿ ಆಗುವುದೇ ಇಲ್ಲೂ. 1894ರಲ್ಲಿ ಅರ್ಕಾವತಿಗೆ ಅಡ್ಡಲಾಗಿ ಕಟ್ಟಿದ ಕೆರೆಯಿಂದ ಬೆಂಗಳೂರಿಗೆ ನೀರು ಕೊಟ್ಟ ಊರು ನಮ್ಮದು. ಸೋಲದೇವನಹಳ್ಳಿಯಿಂದ ಪಂಪು ಹೊಡೆದು ಕಳಿಸುತ್ತಿದ್ದರು. ಆ ಊರಲ್ಲಿ ಕೂತು ಒಂದು ಬಕೆಟ್ ಮೆದು ನೀರಿಗೆ ನಾನು ಪರದಾಡಿದೆ. ಈಗ ಮನೆಯ ತಾರಸಿಯಿಂದ ಇಳಿಯುವ ಪೈಪಿನ ಕೆಳಗೆ 200 ಲೀಟರ್ ಡ್ರಮ್ ಇಟ್ಟಿದ್ದೇನೆ. ಮಳೆ ನೀರಿನಷ್ಟು ಮೆದು ನೀರು ಪುಕ್ಕಟೆ ಬೇರೆಲ್ಲಿ ಸಿಗುತ್ತದೆ? ಬೆರೆಸಲಿಕ್ಕೂ ಅದೇ, ತೊಳೆಯಲಿಕ್ಕೂ ಅದೇ.

ಮಳೆ ನೀರು ಅಂದಾಗ ಇನ್ನೊಂದು. ಬೆಂಗಳೂರಿನಲ್ಲಿ 2009ರಿಂದ ಇಂತಿಷ್ಟು ಅಳತೆ ಮೀರಿದ ನಿವೇಶನಗಳಿಗೆ ಮಳೆನೀರು ಕೊಯ್ಲು ಕಡ್ಡಾಯ. ಹಾಗಾಗಿ ಎಷ್ಟೋ ಮನೆಗಳ ಛಾವಣಿಯ ನೀರು ನೇರ ಸಂಪಿಗೆ ಹೋಗುತ್ತದೆ. ಕೆಲಸ ಶುರು ಮಾಡುವ ಮುಂಚೆ ಆ ಪೈಪನ್ನು ತಪ್ಪಿಸಬೇಕು. ಒಮ್ಮೆ ಮರೆತು 6,000 ಲೀಟರಿನ ಸಂಪು ಖಾಲಿ ಮಾಡಿಸಿ, ತೊಳೆಸಿ, ಟ್ಯಾಂಕರ್ ಹಾಕಿಸಿಕೊಟ್ಟೆ. ಆ ಮನೆಯ ಅಜ್ಜಿ ಬೈಯಲಿಲ್ಲ, ಕಾಫಿ ಕೊಟ್ಟರು. ಅದಕ್ಕೇ ಇನ್ನೂ ಮರೆತಿಲ್ಲ.

ಹೈಪೋ ಕೂಡ ಇಟ್ಟಲ್ಲೇ ಕರಗುವ ದುಡ್ಡು. ಬಿಸಿಲು, ಸೆಕೆ ತಾಗಿದಷ್ಟೂ ಬೇಗ ಶಕ್ತಿ ಕಳೆದುಕೊಳ್ಳುತ್ತದೆ. ಅಗ್ಗಕ್ಕೆ ಸಿಗುತ್ತದೆಂದು ಮಾರ್ಚಿನಲ್ಲಿ ಆರು ಕ್ಯಾನು ತಂದು ಶೀಟಿನ ಕೆಳಗೆ ಇಟ್ಟಿದ್ದೆ. ಮೇ ಹೊತ್ತಿಗೆ ಎರಡರಷ್ಟು ಸುರಿದರೂ ಪಾಚಿ ಅಲುಗಲಿಲ್ಲ. ಈಗ ಆ ವಾರಕ್ಕೆ ಬೇಕಾದಷ್ಟೇ ತರುತ್ತೇನೆ. ಕ್ಯಾನಿಗೆ ಗಾಳಿಯಾಡುವ ಮುಚ್ಚಳವೇ ಬೇಕು, ಬಿಗಿದು ಮುಚ್ಚಿದರೆ ಊದಿಕೊಳ್ಳುತ್ತದೆ.

ಇಷ್ಟಾದ ಮೇಲೆ ರೇಟು 3,800 ಮಾಡಿದೆ. ಆ 300ರಲ್ಲಿ 80 ಹುಡುಗನಿಗೆ, ಅರ್ಧ ಗಂಟೆ ತೊಳೆಯುವ ಕೂಲಿ ಎಂದು ಬೇರೆಯಾಗಿ. 200 ಪಂಪಿನ ಖರ್ಚಿಗೆಂದು ಎತ್ತಿಡುವ ‘ಪಂಪಿನ ಡಬ್ಬಿ’ಗೆ. ಉಳಿದ 20 ಟೀಗೆ. ಕಾಕೋಳಿನ ಗಿರಾಕಿಯೊಬ್ಬರು “ಹೋದ ಸಲ 3,500 ಇತ್ತಲ್ರೀ” ಎಂದರು. “ಹೋದ ಸಲ ಪಂಪು ಕೆಟ್ಟು ನಿಮ್ಮ ಹೆಂಚು ಅರ್ಧಕ್ಕೇ ನಿಂತಿತ್ತಲ್ಲ ಸಾರ್” ಎಂದೆ. ನಕ್ಕು ಕೊಟ್ಟರು.

ಡಬ್ಬಿಯನ್ನು ಎಲ್ಲಿಡುವುದು ಎಂಬುದಕ್ಕೆ ಸ್ವಲ್ಪ ಓಡಾಡಿದೆ. ಅಂಚೆ ಕಚೇರಿಯ ಆರ್‌ಡಿ ಐದು ವರ್ಷದ್ದು, ಮೂರು ವರ್ಷಕ್ಕೆ ಮುಂಚೆ ಮುಚ್ಚಲು ಬಿಡುವುದಿಲ್ಲ. ಪಂಪು ಅಷ್ಟು ದಿನ ಕಾಯುವುದಿಲ್ಲ. ಬ್ಯಾಂಕಿನ ಆರ್‌ಡಿಗೆ ಸಾಮಾನ್ಯವಾಗಿ ತಿಂಗಳು ತಿಂಗಳು ಒಂದೇ ಮೊತ್ತ ಕಟ್ಟಬೇಕು, ನಮಗೆ ಫೆಬ್ರುವರಿಯಲ್ಲಿ ಒಂಬತ್ತು ಮನೆ, ಸೆಪ್ಟೆಂಬರಿನಲ್ಲಿ ಒಂದು. ಕೊನೆಗೆ ಬೇರೆ ಬ್ಯಾಂಕಿನಲ್ಲಿ ಕನಿಷ್ಠ ಬ್ಯಾಲೆನ್ಸ್ ಕೇಳದ ಮೂಲ ಉಳಿತಾಯ ಖಾತೆ ತೆರೆದೆ. ಅದೇ ಬ್ಯಾಂಕಿನಲ್ಲಿ ಇನ್ನೊಂದು ಉಳಿತಾಯ ಖಾತೆ ಇದ್ದರೆ ಇದನ್ನು ಕೊಡುವುದಿಲ್ಲ, ಅದಕ್ಕೇ ಬೇರೆ ಬ್ಯಾಂಕು. ಅದನ್ನು ಫೋನಿನ ಯುಪಿಐಗೆ ಜೋಡಿಸಲಿಲ್ಲ. ಬಡ್ಡಿ ಹೆಸರಿಗಷ್ಟೇ. ಇಲ್ಲಿ ಬೇಕಿರುವುದು ಬಡ್ಡಿಯಲ್ಲ, ನನ್ನ ಕೈಗೆ ಸುಲಭವಾಗಿ ಸಿಗದಿರುವುದು. ಇದೇ ಖಾತೆಯಿಂದ ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಕೂಡ ಕಟ್ಟಾಗುತ್ತದೆ. ಅಪಘಾತಕ್ಕೆ 2 ಲಕ್ಷದವರೆಗಿನ ವಿಮೆ. ಹುಡುಗನ ಖಾತೆಯಲ್ಲೂ ಮಾಡಿಸಿದ್ದೇನೆ. ಏಣಿ ಹತ್ತುವವರಿಗೆ ಇದು ಸಾಲದು, ಆದರೆ ಇಲ್ಲದಿರುವುದಕ್ಕಿಂತ ಲೇಸು.

ಎರಡನೆಯ ವರ್ಷ 58 ಮನೆ. ಡಬ್ಬಿಗೆ 11,600 ಬಿತ್ತು. ಎರಡು ಸಲ ಡಯಾಫ್ರಮ್, ಸೀಲಿನ ಕಿಟ್ 1,300, ನಾಝಲ್ 400. ಮಿಕ್ಕ 9,900 ಹಾಗೇ ಇದೆ. ಹುಡುಗನಿಗೆ ಕೊಟ್ಟ 4,640ನ್ನೂ ಸೇರಿಸಿದರೆ ಖರ್ಚು 6,340, ಹಿಂದಿನ ವರ್ಷ 16,700. ಪಂಪು ಅದೇ, ಅಂಗಡಿಯಾತ ಮೂಸಿ ನೋಡಿ ಸರಿಮಾಡಿ ಕೊಟ್ಟದ್ದು.

ಈ ವರ್ಷ ಸೆಪ್ಟೆಂಬರಿನಲ್ಲಿ ಮೂರು ವಾರ ಬಿಡದೆ ಮಳೆ. ಒಂದೂ ಕೆಲಸವಿಲ್ಲ. ಪಂಪು ಸುಮ್ಮನೆ ಕೂತರೂ ಕಚ್ಚಿಕೊಳ್ಳುತ್ತದೆ, ವಾರಕ್ಕೊಮ್ಮೆ ಬಂದು ಎರಡು ಬಕೆಟ್ ಮಳೆ ನೀರು ಓಡಿಸಿ ಬ್ಯಾಟರಿ ನೋಡು ಎಂದು ಹುಡುಗನಿಗೆ ಹೇಳಿದ್ದೆ. ಮೂರನೆಯ ವಾರ ಕೈ ಒರೆಸಿಕೊಳ್ಳುತ್ತಾ ಕೇಳಿದ:

“ಅಣ್ಣ, ಕೆಲ್ಸ ಇಲ್ದಿರೋ ದಿನದ ಎಂಬತ್ತು ಯಾರ್ ಕೊಡ್ತಾರೆ?”

ನಾನು ಯೋಚಿಸುತ್ತಾ ನಿಂತೆ. ಗಿರಾಕಿಯೇ ಇಲ್ಲದ ದಿನ, ಯಾವ 3,800ರಿಂದ ಕಳೆಯುವುದು? ಒಳಗಿಂದ ಹೆಂಡತಿ ಪುಸ್ತಕ ತಂದಳು. ಪಂಪಿನ ಡಬ್ಬಿ ಎಂದು ಬರೆದ ಪುಟದಲ್ಲಿ, 1,300 ಮತ್ತು 400ರ ಕೆಳಗೆ, ಮೂರು ಸಲ 80 ಎಂದು ಬರೆದು ನನ್ನ ಕಡೆ ಕೈ ಚಾಚಿದಳು.