ಲಿಪಿಯ ಓದು ಮತ್ತು ಗ್ರಂಥಪಾಲಕರ ವೃತ್ತಿ: ಕೊಡೇಕಲ್ ಪರಂಪರೆಯ ಹಿನ್ನೆಲೆಯಲ್ಲಿ

ಹಸ್ತಪ್ರತಿಯೊಂದು ಕಪಾಟಿನಲ್ಲಿ ಭದ್ರವಾಗಿದ್ದ ಮಾತ್ರಕ್ಕೆ ಉಳಿಯಿತೆನ್ನಲಾಗದು. ಅದನ್ನು ಓದಬಲ್ಲವರೂ ಉಳಿಯಬೇಕು. ಯಾದಗಿರಿ ಜಿಲ್ಲೆಯ ಕೊಡೇಕಲ್ ಇದಕ್ಕೆ ಸ್ಪಷ್ಟ ನಿದರ್ಶನ. ಕಾಲಜ್ಞಾನ ಸಾಹಿತ್ಯದ ಪ್ರಮುಖನಾದ ಕೊಡೇಕಲ್ ಬಸವಣ್ಣನ ಪರಂಪರೆಯಲ್ಲಿ ವಚನಗಳು ರೂಢಿಯ ಕನ್ನಡ ಲಿಪಿಗಿಂತ ಭಿನ್ನವಾದ ‘ಅಮರಗನ್ನಡ’ ಎಂಬ ಗುಪ್ತಲಿಪಿಯಲ್ಲಿ ದಾಖಲಾಗಿವೆ. ಈ ಲಿಪಿಯ ಓದು ಗುರುವಿನಿಂದ ಶಿಷ್ಯನಿಗೆ ಸಾಗಿಬಂದ ವಿದ್ಯೆ. ಆ ಸರಣಿ ಕಡಿದರೆ ಪ್ರತಿ ಉಳಿದರೂ ಪಠ್ಯ ಮೂಕವಾಗುತ್ತದೆ.

ವಿಶ್ವವಿದ್ಯಾಲಯಗಳ ಹಸ್ತಪ್ರತಿ ವಿಭಾಗಗಳ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. ಮೈಸೂರಿನ ಪ್ರಾಚ್ಯ ಗ್ರಂಥಾಲಯದ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಓಲೆಗರಿಯಲ್ಲಿ ಗುರುತಿಸಿ 1909ರಲ್ಲಿ ಪ್ರಕಟಿಸಿದರು. ಅವರಿಗೆ ಗ್ರಂಥಲಿಪಿ ಬಾರದಿದ್ದರೆ ಆ ಓಲೆಯ ಕಟ್ಟು ಕೇವಲ ಒಂದು ಕ್ರಮಸಂಖ್ಯೆಯಾಗಿ ಉಳಿಯುತ್ತಿತ್ತು. ಆಧುನಿಕ ಗ್ರಂಥಾಲಯ ವಿಜ್ಞಾನವೂ ಗುರುವನ್ನು ಬಿಟ್ಟು ಬೆಳೆದುದಲ್ಲ. ಗಣಿತದ ಅಧ್ಯಾಪಕರಾಗಿದ್ದ ಎಸ್.ಆರ್. ರಂಗನಾಥನ್ ಅವರು 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದ ಮೇಲೆ ಲಂಡನ್ನಿನಲ್ಲಿ ಡಬ್ಲ್ಯು.ಸಿ. ಬರ್ವಿಕ್ ಸೇಯರ್ಸ್ ಅವರ ಮಾರ್ಗದರ್ಶನ ಪಡೆದರು. ಮುಂದೆ 1962ರಲ್ಲಿ ಬೆಂಗಳೂರಿನಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿ ತಾವೇ ಒಂದು ಶಿಷ್ಯಪೀಳಿಗೆಯನ್ನು ಬೆಳೆಸಿದರು.

ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2018ರ ನಿಯಮಾವಳಿಯು ಗ್ರಂಥಪಾಲಕ ಹುದ್ದೆಯ ಅರ್ಹತೆಯಲ್ಲಿ ಹಸ್ತಪ್ರತಿ ಸಂರಕ್ಷಣೆಯ ಪಿಎಚ್.ಡಿ.ಯನ್ನೂ ಮಾನ್ಯ ಮಾಡಿದೆ. ಇದು ಸ್ವಾಗತಾರ್ಹ. ಆದರೆ ಪದವಿ, ಪುನಶ್ಚೇತನ ಶಿಬಿರ, ಗಣಕೀಕರಣಗಳು ಬಡ್ತಿಯ ಎಣಿಕೆಗೆ ಸಿಗುವಷ್ಟು ಸುಲಭವಾಗಿ, ಕಿರಿಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಓಲೆ ಓದಿಸಿದ ವರ್ಷಗಳು ಸಿಗುವುದಿಲ್ಲ. ಹಿರಿಯರು ನಿವೃತ್ತರಾದ ಬಳಿಕ ಹುದ್ದೆ ತುಂಬಿದರೆ ಕಲಿಸುವವರೂ ಕಲಿಯುವವರೂ ಒಂದೇ ಮೇಜಿನ ಮುಂದೆ ಸೇರುವ ಅವಕಾಶವೇ ಇರುವುದಿಲ್ಲ. ಪ್ರತಿಗಳ ಛಾಯಾಚಿತ್ರ ತೆಗೆದಿಡುವುದರಿಂದ ಅಕ್ಷರದ ಆಕಾರ ಉಳಿಯುತ್ತದೆಯೇ ಹೊರತು ಓದು ಉಳಿಯುವುದಿಲ್ಲ.

ಆದ್ದರಿಂದ ಮೂರು ಕ್ರಮಗಳು ಅಗತ್ಯವೆನಿಸುತ್ತವೆ. ಹಸ್ತಪ್ರತಿ ವಿಭಾಗದ ಹಿರಿಯರು ನಿವೃತ್ತರಾಗುವ ಮುನ್ನವೇ ಕಿರಿಯರ ನೇಮಕವಾಗಬೇಕು. ಲಿಪಿ ಕಲಿಸಿದ ಅವಧಿಯನ್ನು ಹಿರಿಯರ ಸೇವೆಯಲ್ಲಿಯೂ, ಕಲಿತ ಅವಧಿಯನ್ನು ಕಿರಿಯರ ಬಡ್ತಿಯಲ್ಲಿಯೂ ಪರಿಗಣಿಸಬೇಕು. ಕೊಡೇಕಲ್‌ನಂತಹ ಪರಂಪರೆಗಳಲ್ಲಿ ಲಿಪಿ ಬಲ್ಲವರನ್ನು, ಅವರ ಸಮ್ಮತಿಯೊಂದಿಗೆ, ಪದವಿಯ ಪ್ರಶ್ನೆ ಎತ್ತದೆ ಗುರುಗಳಾಗಿ ಆಹ್ವಾನಿಸಬೇಕು. ಗ್ರಂಥಸಂಪಾದನೆಯಲ್ಲಿ ತೊಡಗಿದ ಕನ್ನಡ ವಿಭಾಗಗಳು ಈ ಬೇಡಿಕೆಯನ್ನು ಗ್ರಂಥಪಾಲಕರಿಗಷ್ಟೇ ಸೇರಿದ್ದೆಂದು ಬಿಡುವಂತಿಲ್ಲ. ಸಂಪಾದಕನ ಕೈಗೆ ಬರುವ ಪಾಠಕ್ಕೆ ಮೊದಲ ಓದುಗ ಗ್ರಂಥಪಾಲಕನೇ.